ಟರ್ಮಿನಲ್ ತೆರೆಯದೇ ಇನ್‌ಸ್ಟಾಲ್ ಆಗಬೇಕು

ಶಾಲೆಯ ಮೇಷ್ಟ್ರುಗಳಿಗಾಗಿ ಕನ್ನಡ ಟೈಪಿಂಗ್ ಕಲಿಸುವ ಒಂದು ಪುಟ್ಟ ಸಾಫ್ಟ್‌ವೇರ್ ಮಾಡಿದ್ದೇನೆ. ಅವರ ಕಂಪ್ಯೂಟರಿನಲ್ಲಿರುವುದು ಉಬುಂಟು ಲಿನಕ್ಸ್. ಅದನ್ನು ಪ್ಯಾಕೇಜ್ ಮಾಡುವಾಗ, ಅಂದರೆ ಇನ್‌ಸ್ಟಾಲ್ ಮಾಡುವ ಒಂದು ಫೈಲಾಗಿ ಕಟ್ಟುವಾಗ, ನನ್ನದು ಒಂದೇ ಹಟ: ಟರ್ಮಿನಲ್ ತೆರೆದು ಕಮಾಂಡ್ ಟೈಪ್ ಮಾಡದೇ, ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಪಾಸ್‌ವರ್ಡ್ ಕೊಟ್ಟರೆ ಕೆಲಸ ಮುಗಿಯಬೇಕು.

ಮೊದಲು ಡಿಪೆಂಡೆನ್ಸಿ, ಅಂದರೆ ನಿಮ್ಮ ಸಾಫ್ಟ್‌ವೇರ್ ಓಡಲು ಬೇಕಾದ ಬೇರೆ ಪ್ಯಾಕೇಜುಗಳನ್ನು, ನೋಡಿಕೊಳ್ಳಿ. ಜನರಿಗೆ ಜಾಸ್ತಿ ಕಾಟ ಕೊಡುವುದೇ ಅದು. ಕೊಟ್ಟ ಪ್ಯಾಕೇಜನ್ನಷ್ಟೇ ಹಾಕುವ ಡಿಪಿಕೆಜಿ (dpkg) ಎಂಬ ಸಾಧನವನ್ನು ಬರೀ ಬಳಸಿದರೆ ಬೇಕಾದ ಲೈಬ್ರರಿಗಳು ತಾವಾಗಿ ಬರುವುದಿಲ್ಲ, ಅರ್ಧಕ್ಕೇ ನಿಂತು ಎರರ್ ಬರುತ್ತದೆ. ಅದರ ಮೇಲೆ ಕೆಲಸ ಮಾಡುವ ಎಪಿಟಿ (APT) ಅವನ್ನು ತಂದುಕೊಡುತ್ತದೆ, ಆದರೆ ಏನೇನು ಬೇಕು ಅಂತ ಪ್ಯಾಕೇಜಿನ ವಿವರ ಇರುವ ಕಂಟ್ರೋಲ್ ಫೈಲಿನ ಡಿಪೆಂಡ್ಸ್ ಸಾಲಿನಲ್ಲಿ ನೀವು ಬರೆದಿರಬೇಕು. ಫಾಂಟನ್ನೂ ಮರೆಯಬೇಡಿ. ನಾನು ಗುಬ್ಬಿ ಎಂಬ ಕನ್ನಡ ಫಾಂಟಿನ ಪ್ಯಾಕೇಜನ್ನು ಅಲ್ಲೇ ಸೇರಿಸುತ್ತೇನೆ. ಕನ್ನಡದ ಬದಲು ಬರೀ ಚೌಕಗಳು ಕಂಡರೆ ಮೇಷ್ಟ್ರು ಏನು ಕಲಿಯುತ್ತಾರೆ ಹೇಳಿ? ಇದನ್ನೆಲ್ಲ ನಿಮ್ಮ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ, ಅಲ್ಲಿ ಎಲ್ಲ ಲೈಬ್ರರಿ ಆಗಲೇ ಇರುತ್ತವೆ. ವರ್ಚುವಲ್ ಮಷಿನ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರಿನಂಥದ್ದರಲ್ಲಿ, ಹೊಸದಾಗಿ ಉಬುಂಟು ಹಾಕಿ ನೋಡಿ.

ಇನ್‌ಸ್ಟಾಲ್ ಆದಮೇಲೆ ಅದು ಕಣ್ಣಿಗೆ ಬೀಳಬೇಕು ಅಲ್ವಾ? ಅದಕ್ಕೆ ಮೆನುವಿನಲ್ಲಿ ಹೆಸರು, ಐಕಾನ್ ತೋರಿಸುವ ಡಾಟ್ ಡೆಸ್ಕ್‌ಟಾಪ್ (.desktop) ಫೈಲ್ ಬೇಕು. ಹೆಸರು ಬರೆಯುವ ನೇಮ್ ಸಾಲಿನ ಕೆಳಗೆ ಇನ್ನೊಂದು ನೇಮ್ ಸಾಲು ಹಾಕಿ, ಚೌಕ ಬ್ರಾಕೆಟ್ಟಿನಲ್ಲಿ ಕೆ, ಎನ್ ಎಂಬ ಎರಡು ಅಕ್ಷರ (Name[kn]) ಸೇರಿಸಿ, ಕನ್ನಡ ಹೆಸರು ಕೊಡಿ. ಸಿಸ್ಟಮ್ ಕನ್ನಡದಲ್ಲಿದ್ದರೆ ಮೆನುವಿನಲ್ಲಿ ಆ ಹೆಸರೇ ಕಾಣುತ್ತದೆ. ಹುಡುಕುವ ಪದಗಳನ್ನು ಕೊಡುವ ಕೀವರ್ಡ್ಸ್ ಸಾಲಿಗೂ ಹೀಗೇ ಮಾಡಿ, ‘ಟೈಪಿಂಗ್’, ‘ಬೆರಳಚ್ಚು’ ಎರಡನ್ನೂ ಹಾಕಿ. ಯಾರು ಯಾವ ಪದ ಹುಡುಕುತ್ತಾರೋ ಗೊತ್ತಿರುವುದಿಲ್ಲ.

ಗ್ನೋಮ್ ಸಾಫ್ಟ್‌ವೇರ್, ಡಿಸ್ಕವರ್‌ನಂಥ ಲಿನಕ್ಸ್ ಆ್ಯಪ್ ಅಂಗಡಿಗಳಲ್ಲಿ ಕಾಣುವ ವಿವರಣೆ, ಸ್ಕ್ರೀನ್‌ಶಾಟ್ ಬರುವುದು ಮೆಟಾಇನ್ಫೊ ಫೈಲಿನಿಂದ. ಅದನ್ನು ಬರೆಯುವ ಕ್ರಮಕ್ಕೆ ಆ್ಯಪ್‌ಸ್ಟ್ರೀಮ್ ಅಂತ ಹೆಸರು. ‘ಪೈಥಾನ್‌ನಲ್ಲಿ ಬರೆದದ್ದು’ ಅಂತ ಅಲ್ಲಿ ಶುರುಮಾಡಬೇಡಿ. ‘ಕನ್ನಡ ಟೈಪಿಂಗ್ ಅಭ್ಯಾಸ ಮಾಡಿ’ ಅಂದರೆ ಸಾಕು.

ಬೇರೆ ಬೇರೆ ಲಿನಕ್ಸ್‌ಗಳಿಗೆ ಒಂದೇ ಪ್ಯಾಕೇಜ್ ಸಾಕು ಅನಿಸಿದರೆ ಫ್ಲಾಟ್‌ಪ್ಯಾಕ್ ಒಳ್ಳೆಯದು. ಆದರೆ ಮೊದಲ ಸಲ ರನ್‌ಟೈಮ್ ಅಂತ, ಅಂದರೆ ಆ್ಯಪ್ ಓಡಲು ಬೇಕಾದ ಲೈಬ್ರರಿಗಳ ಗಂಟು, ನೂರಾರು ಎಂಬಿ ಇಳಿಯಬಹುದು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಆಮೇಲೆ ಕಂಪ್ಯೂಟರ್ ಹೆಚ್ಚು ಬಳಸದ ಒಬ್ಬರನ್ನು ಕೂರಿಸಿ, ಫೈಲ್ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತುಕೊಳ್ಳಿ. ಬಾಯಿ ಬಿಡಬೇಡಿ. ಅವರ ಮೌಸ್ ಎಲ್ಲಿ ತಡವರಿಸುತ್ತದೋ ಅಲ್ಲಿ ನಿಮಗೆ ಕೆಲಸ ಬಾಕಿ ಇದೆ. ಅವರ ಕೈಲೇ ಅನ್‌ಇನ್‌ಸ್ಟಾಲ್ ಕೂಡ ಮಾಡಿಸಿ. ಮೆನುವಿನಿಂದ ಐಕಾನ್ ಹೋಗಬೇಕು, ಹೋಮ್ ಫೋಲ್ಡರಿನಲ್ಲಿ ಅವರು ಉಳಿಸಿಟ್ಟ ಅಭ್ಯಾಸದ ಫೈಲುಗಳು ಹಾಗೇ ಇರಬೇಕು.