ಮಕ್ಕಳ ಜೊತೆ ಮುಳ್ಳಯ್ಯನಗಿರಿ: ದಿನಕ್ಕೆ ಒಂದೇ ಬೆಟ್ಟ ಸಾಕು

ಚಿಕ್ಕಮಗಳೂರಿಗೆ ಹೊರಟವರ ಪ್ಲಾನ್ ಸಾಮಾನ್ಯವಾಗಿ ಹೀಗಿರುತ್ತದೆ. ಶನಿವಾರ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಝರಿ ಫಾಲ್ಸ್. ಭಾನುವಾರ ಕೆಮ್ಮಣ್ಣುಗುಂಡಿ, ಹೆಬ್ಬೆ, ಕಲ್ಲತ್ತಿಗಿರಿ, ಅಲ್ಲಿಂದ ಹಾಗೇ ಮನೆ ಕಡೆ. ಕಾಲೇಜು ಹುಡುಗರಿಗೆ ಇದು ಓಕೆ. ನಾಲ್ಕು ವರ್ಷದ ಮಗು ಜೊತೆಗಿದ್ದರೆ ಎರಡು ದಿನವೂ ಕಾರಿನೊಳಗೇ ಕಳೆಯುತ್ತದೆ, ಅದರಲ್ಲಿ ಅರ್ಧ ಹೊತ್ತು ಅಳು.

ಚಿಕ್ಕ ಮಕ್ಕಳಿರುವವರು ಈ ಪಟ್ಟಿಯನ್ನು ಹೊಡೆದುಹಾಕಿ. ದಿನಕ್ಕೆ ಒಂದೇ ಬೆಟ್ಟ. ಬೆಳಗ್ಗೆ ಬೇಗ ಹತ್ತಿ, ಹನ್ನೊಂದರೊಳಗೆ ಇಳಿದುಬಿಡಿ. ಆಮೇಲೆ ಊಟ, ನಿದ್ದೆ, ಸಂಜೆ ಯಾವುದಾದರೂ ಕೆರೆ ದಂಡೆ. ಮಧ್ಯಾಹ್ನದ ನಿದ್ದೆ ತಪ್ಪಿದ ಮಗುವನ್ನು ಯಾವ ವ್ಯೂ ಪಾಯಿಂಟೂ ಸಮಾಧಾನ ಮಾಡಲ್ಲ.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯದು. ಮಳೆಗಾಲದ ಗಿರಿ ಫೋಟೋದಲ್ಲಿ ಚೆಂದ, ಆದರೆ ಮೇಲೆ ಬೀಸುವ ಗಾಳಿಗೆ ದೊಡ್ಡವರೇ ನಿಲ್ಲುವುದು ಕಷ್ಟ, ಮಂಜಿನಲ್ಲಿ ಮುಂದಿನ ಮೆಟ್ಟಿಲೂ ಕಾಣಲ್ಲ. ಡಿಸೆಂಬರ್‌ನಲ್ಲಿ ಹೋಗುವವರು ದತ್ತ ಜಯಂತಿ ಯಾವಾಗ ಅಂತ ಕ್ಯಾಲೆಂಡರ್ ನೋಡಿಕೊಳ್ಳಿ. ಆ ದಿನಗಳಲ್ಲಿ ಗಿರಿ ಭಾಗಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ.

ಗಿರಿಗೆ ಹೋಗುವ ವಾಹನಕ್ಕೆ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡುವ ಪದ್ಧತಿ ಬಂದಿದೆ. ಬೆಳಗಿನ ಸ್ಲಾಟನ್ನೇ ಹಿಡಿಯಿರಿ. ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಇನ್ನೊಮ್ಮೆ ನೋಡಿ. ಗಿರಿಗೆ ಹೋಗುವ ದಾರಿಯ ಕೈಮರ ಚೆಕ್‌ಪೋಸ್ಟ್‌ನಲ್ಲಿ ಪ್ಲಾಸ್ಟಿಕ್ ತಪಾಸಣೆ ಇರುತ್ತದೆ, ಹಾಗಾಗಿ ನೀರಿಗೆ ಸ್ಟೀಲ್ ಬಾಟಲಿ.

ಶುಕ್ರವಾರವೇ ಅರ್ಧ ಕೆಲಸ

ಬೆಂಗಳೂರಿಂದ ಚಿಕ್ಕಮಗಳೂರು ಸುಮಾರು 245 ಕಿ.ಮೀ. ಶನಿವಾರ ನಸುಕಿಗೆ ಹೊರಟು ಅದೇ ದಿನ ಬೆಟ್ಟ ಹತ್ತುವ ಯೋಚನೆ ಬಿಡಿ. ಸಾಧ್ಯವಾದರೆ ಶುಕ್ರವಾರ ಸಂಜೆಯೇ ಹೊರಟು ರಾತ್ರಿ ಅಲ್ಲೇ ಮಲಗಿ. ಆಗದಿದ್ದರೆ ಶನಿವಾರ ಬರೀ ಪ್ರಯಾಣ ಮತ್ತು ಕೆರೆ, ಬೆಟ್ಟ ಭಾನುವಾರ ಬೆಳಗ್ಗೆ. ರೂಮನ್ನು ಊರಲ್ಲೋ ಕೈಮರದ ಆಸುಪಾಸಿನಲ್ಲೋ ಮಾಡಿ. ಒಳಗೊಳಗೆ ಎಸ್ಟೇಟ್ ರಸ್ತೆಯಲ್ಲಿರುವ ಹೋಂಸ್ಟೇ ಚೆಂದವೇ, ಆದರೆ ಬೆಳಗ್ಗೆ ಐದಕ್ಕೆ ಅಲ್ಲಿಂದ ಹೊರಬೀಳುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ.

ಕಾರಲ್ಲಿ ವಾಂತಿ ಮಾಡುವ ಮಕ್ಕಳ ವಿಷಯ. ತಿರುವಿನ ರಸ್ತೆ ಶುರುವಾಗುವ ಮುಂಚೆ ಹಾಲು ಕೊಡಬೇಡಿ. ಒಂದೆರಡು ಇಡ್ಲಿ ಪರವಾಗಿಲ್ಲ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಫೋನ್ ಕೈಯಿಂದ ತಗೊಂಡು ಕಿಟಕಿಯಾಚೆ ದೂರಕ್ಕೆ ನೋಡಲು ಹೇಳಿ. ಮಾತ್ರೆ ಬೇಕೇ ಬೇಕು ಅನಿಸಿದರೆ ಊರಲ್ಲೇ ಮಕ್ಕಳ ಡಾಕ್ಟರನ್ನು ಕೇಳಿ ತಗೊಳ್ಳಿ, ದಾರಿಯ ಮೆಡಿಕಲ್ ಶಾಪ್‌ನಲ್ಲಿ ಅಂದಾಜಿಗೆ ಬೇಡ. ಟವೆಲ್, ಕವರ್, ಒಂದು ಜೊತೆ ಬಟ್ಟೆ ಡಿಕ್ಕಿಯಲ್ಲಲ್ಲ, ಕಾಲ ಬುಡದಲ್ಲೇ ಇರಲಿ.

ಬ್ಯಾಗಿಗೆ ಏನು

ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಶಿಖರ. "ಅಷ್ಟು ಎತ್ತರಕ್ಕೆ ಮಗೂನ ಕರ್ಕೊಂಡು ಹೋಗ್ತೀರಾ, ಉಸಿರು ಕಟ್ಟಲ್ವಾ" ಅಂತ ಮನೆಯಲ್ಲಿ ಅಜ್ಜಿ ಕೇಳಿಯೇ ಕೇಳುತ್ತಾರೆ. ಎತ್ತರದಿಂದ ಬರುವ ತೊಂದರೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ, ಇಲ್ಲಿ ಆ ಭಯ ಇಲ್ಲ. ಭಯ ಇರುವುದು ಚಳಿಗಾಳಿಯದು. ಮೇಲಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ಮೇಲಿದೆ, ಅಂದರೆ ಪೇಟೆಗಿಂತ ತುದಿಯಲ್ಲಿ ಐದು ಡಿಗ್ರಿಯಷ್ಟು ತಣ್ಣಗೆ, ಅದರ ಮೇಲೆ ಗಾಳಿ ಬೇರೆ.

ಹಾಗಾಗಿ ಒಂದು ದಪ್ಪ ಜಾಕೆಟ್‌ಗಿಂತ ಮೂರು ತೆಳು ಬಟ್ಟೆ ಮೇಲು. ಹತ್ತುವಾಗ ಬಿಚ್ಚಿ, ನಿಂತ ಕೂಡಲೇ ಹಾಕಿ. ಕಿವಿ ಮುಚ್ಚುವ ಟೋಪಿ ಮರೆಯಬೇಡಿ. ಛತ್ರಿಯಿಂದ ಪ್ರಯೋಜನವಿಲ್ಲ, ರೇನ್‌ಕೋಟ್ ತಗೊಳ್ಳಿ. ಶೂ ಹೊಸದಿರಬಾರದು, ಅಡಿ ಸವೆದದ್ದೂ ಇರಬಾರದು. ಸಾಕ್ಸ್ ಎರಡು ಜೊತೆ.

ಎರಡು ವರ್ಷದೊಳಗಿನ ಕೂಸನ್ನು ಬೆನ್ನಿಗೋ ಎದೆಗೋ ಕಟ್ಟಿಕೊಂಡು ಹೋಗುವವರಿಗೆ ಒಂದು ಮಾತು. ನೀವು ಹತ್ತುತ್ತಾ ಬೆವರುತ್ತಿರುತ್ತೀರಿ, ಕೂಸು ಅಲ್ಲಾಡದೆ ಕೂತಿರುತ್ತದೆ. ನಿಮಗೆ ಸೆಕೆ ಅಂದರೆ ಅದಕ್ಕೂ ಸೆಕೆ ಅಂದುಕೊಳ್ಳಬೇಡಿ. ಕ್ಯಾರಿಯರ್‌ನಿಂದ ಕೆಳಗೆ ಜೋತಾಡುವ ಪಾದ, ಪ್ಯಾಂಟು ಮೇಲಕ್ಕೆ ಸರಿದು ಕಾಣುವ ಮೀನಖಂಡ, ಇವು ಮೊದಲು ತಣ್ಣಗಾಗುತ್ತವೆ. ಪ್ರತಿ ಸಲ ನಿಂತಾಗ ಮುಟ್ಟಿ ನೋಡಿ.

ತಿನ್ನಲು ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿದ್ದು, ಚಿಕ್ಕಿ, ಬಾಳೆಹಣ್ಣು. ಕುರುಕಲು ತಿಂಡಿಯ ಪೊಟ್ಟಣ ಬಿಚ್ಚಿದ ಸದ್ದಿಗೇ ಕೋತಿಗಳು ಬರುವುದುಂಟು, ಅದಕ್ಕೇ ಡಬ್ಬಿ. ಒಂದು ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜ್, ಜ್ವರದ ಔಷಧಿ, ಒಂದು ಸೀಟಿ. ಸೀಟಿಯನ್ನು ಮಗುವಿನ ಕುತ್ತಿಗೆಗೆ ಹಾಕಿ, ನಾವು ಕಾಣದಿದ್ದರೆ ಮಾತ್ರ ಊದಬೇಕು ಅಂತ ಹೇಳಿ. ಮೊದಲ ಹತ್ತು ನಿಮಿಷ ಸುಮ್ನೆ ಊದುತ್ತಾರೆ, ಸಹಿಸಿಕೊಳ್ಳಿ.

ಹತ್ತುವುದು

ಮುಳ್ಳಯ್ಯನಗಿರಿಯ ಅನುಕೂಲ ಏನೆಂದರೆ ರಸ್ತೆ ಬಹುಪಾಲು ಮೇಲಿನವರೆಗೂ ಹೋಗುತ್ತದೆ. ಅಲ್ಲಿಂದ ಗದ್ದುಗೆ ಇರುವ ದೇವಸ್ಥಾನಕ್ಕೆ ಸುಮಾರು 500 ಮೆಟ್ಟಿಲು. ಐದು ವರ್ಷದ ಮಗು ನಿಧಾನಕ್ಕೆ ತಾನೇ ಹತ್ತುತ್ತದೆ. ಕೆಳಗಿನಿಂದ ಬರುವ ಸರ್ಪದಾರಿ ಕಡಿದಾದದ್ದು, ಅದನ್ನು ಮಕ್ಕಳು ದೊಡ್ಡವರಾದ ಮೇಲೆ ನೋಡಿಕೊಳ್ಳೋಣ. ಶೌಚದ ಕೆಲಸವೆಲ್ಲ ರೂಮಿನಲ್ಲೇ ಮುಗಿಸಿ ಹೊರಡಿ.

ಮಗು ಮುಂದೆ, ಒಬ್ಬರು ಅದರ ಹಿಂದೆ, ಇನ್ನೊಬ್ಬರು ಕಣಿವೆ ಕಡೆಗೆ. ವೇಗ ಮಗುವಿನದೇ. ಅರ್ಧ ದಾರಿಯಲ್ಲಿ ಒಂದು ಚೋರಟೆ (ಸಾವಿರ ಕಾಲಿನ ಹುಳ) ಕಂಡರೆ ಎಲ್ಲರೂ ನಿಲ್ಲಬೇಕು. ಮುಟ್ಟಿದ ಕೂಡಲೇ ಅದು ಚಕ್ಕುಲಿ ಹಾಗೆ ಸುತ್ತಿಕೊಳ್ಳುತ್ತದೆ, ಮತ್ತೆ ಬಿಚ್ಚಿ ಹೊರಡುವವರೆಗೆ ಮಗು ಅಲ್ಲಿಂದ ಕದಲುವುದಿಲ್ಲ, ಆಮೇಲೆ "ಇನ್ನೊಂದ್ಸಲ" ಅನ್ನುತ್ತದೆ. ಅದಕ್ಕೂ ಟೈಮ್ ಇಟ್ಟುಕೊಂಡೇ ಬಂದಿರುತ್ತೀರಿ ಅಲ್ವಾ.

"ಇನ್ನೆಷ್ಟು ದೂರ" ಅಂತ ಕೇಳಿದರೆ "ಇಲ್ಲೇ, ಬಂತು" ಅಂತ ಸುಳ್ಳು ಹೇಳಬೇಡಿ. ಎರಡನೇ ಸಲ ನಂಬಲ್ಲ. ನೂರು ಮೆಟ್ಟಿಲಿಗೊಂದು ಚಿಕ್ಕಿ ಅಂತ ಒಪ್ಪಂದ ಮಾಡಿಕೊಳ್ಳಿ, ಎಣಿಸುವ ಕೆಲಸ ಅವರಿಗೇ ಕೊಡಿ. ಹತ್ತೂವರೆ ಆಯಿತೆಂದರೆ ಎಲ್ಲಿದ್ದರೂ ಸರಿ, ವಾಪಸ್ ತಿರುಗಿ. ತುದಿ ಮುಟ್ಟಲೇಬೇಕು ಅನ್ನುವ ಹಟ ಸಾಮಾನ್ಯವಾಗಿ ಅಪ್ಪಂದಿರದು. ಇಳಿಯುವಾಗ ಕೈ ಬಿಡಬೇಡಿ, ಮಕ್ಕಳಿಗೆ ಇಳಿಜಾರು ಕಂಡರೆ ಓಡಬೇಕು ಅನಿಸುತ್ತದೆ.

ಸಂಜೆ, ಮಾರನೇ ದಿನ

ನಿದ್ದೆ ಮುಗಿಸಿ ಸಂಜೆ ಹಿರೇಕೊಳಲೆ ಕೆರೆಗೆ ಹೋಗಿ. ಊರಿಗೆ ಹತ್ತಿರ, ಏರಿ ಮೇಲೆ ನಿಂತರೆ ಬೆಟ್ಟದ ಸಾಲು ಎದುರಿಗೇ. ಚಿಕ್ಕಮಗಳೂರಿಗೆ ಕುಡಿಯುವ ನೀರು ಕೊಡುವ ಕೆರೆ ಅದು, ಕೈಕಾಲು ತೊಳೆಯುವ ಜಾಗ ಅಲ್ಲ.

ಇನ್ನೊಂದು ದಿನ ಇದ್ದರೆ, ಮಕ್ಕಳು ಆರು ದಾಟಿದ್ದರೆ, ಕೆಮ್ಮಣ್ಣುಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆ ಕಳೆಯುತ್ತಿದ್ದ ಜಾಗ. ಝಡ್ ಪಾಯಿಂಟ್‌ಗೆ ಹೋಗುವ ಕಾಲುದಾರಿ ನಿಜಕ್ಕೂ ನಡೆಯುವ ದಾರಿ, ನನ್ನ ಮಟ್ಟಿಗೆ ಮೆಟ್ಟಿಲಿಗಿಂತ ಇದೇ ಇಷ್ಟ. ಆದರೆ ಕಿರಿದು, ಒಂದು ಕಡೆ ಪ್ರಪಾತ. ಮಕ್ಕಳು ಗುಡ್ಡದ ಕಡೆಗೇ ನಡೆಯಬೇಕು. ಸಾಕೆನಿಸಿದರೆ ದಾರಿಯಲ್ಲಿ ಸಿಗುವ ಶಾಂತಿ ಫಾಲ್ಸ್‌ನಿಂದಲೇ ಹಿಂದಿರುಗಿ.

ಉಂಬಳ, ಉಣುಗು

ಮಳೆ ಬಿದ್ದ ವಾರವಾದರೆ ಉಂಬಳ, ಅಂದರೆ ಜಿಗಣೆ, ಹತ್ತಿಯೇ ಹತ್ತುತ್ತದೆ. ಎಳೆದು ಕೀಳಬೇಡಿ. ಕಚ್ಚಿದ ಜಾಗದಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನನ್ನೋ ಬಿಟ್ಟಿರುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು ಒತ್ತಿ ಹಿಡಿಯಿರಿ, ಗಾಬರಿ ಬೇಡ.

ಗಾಬರಿ ಅಲ್ಲದಿದ್ದರೂ ಎಚ್ಚರ ಬೇಕಾದದ್ದು ಉಣುಗಿನ, ಅಂದರೆ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಯ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ನೀವು ಹೋಗುವ ಭಾಗದಲ್ಲಿ ಕೇಸ್ ಇದೆಯಾ ಅಂತ ಹೋಂಸ್ಟೇಯವರನ್ನು ಮೊದಲೇ ಕೇಳಿ. ಇದ್ದರೆ ಕಾಡಿನ ಕಡೆ ಮಕ್ಕಳನ್ನು ಕರೆದೊಯ್ಯಬೇಡಿ. ಇಲ್ಲದಿದ್ದರೂ ತುಂಬು ತೋಳು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಒಣ ಎಲೆ ರಾಶಿಯ ಮೇಲೆ ಕೂರಿಸಬೇಡಿ. ರೂಮಿಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಕಿವಿ ಹಿಂದೆ, ಕಂಕುಳು, ಮೊಣಕಾಲ ಸಂದಿ ನೋಡಿ, ಬಟ್ಟೆ ಬೇರೆ ಚೀಲಕ್ಕೆ. ಮನೆಗೆ ಬಂದು ವಾರದೊಳಗೆ ಮಗುವಿಗೆ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದದ್ದು, ಮಲೆನಾಡಿನ ಕಾಡಿನ ಕಡೆ ಹೋಗಿದ್ದೆವು ಅಂತ.