ದಿನವೂ ಕುಡಿಯುವವರು ಬಿಡುವಾಗ ಮೊದಲ ನಾಲ್ಕು ದಿನ ಹುಷಾರು

ಅಯ್ಯಪ್ಪನ ಮಾಲೆ ಹಾಕಿ ಒಂದೇ ಸಲಕ್ಕೆ ಕುಡಿತ ಬಿಟ್ಟವರು ಮರುದಿನವೇ ಫಿಟ್ಸ್ ಬಂದು ಬೀಳುವುದುಂಟು. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿ ಮುಚ್ಚಿದಾಗಲೂ ಹೀಗೇ ಆಯಿತು. ವರ್ಷಗಟ್ಟಲೆ ಮದ್ಯದ ಮಂಪರನ್ನು ಎದುರಿಸಿ ಎಚ್ಚರವಾಗಿರಲು ಮಿದುಳು ತನ್ನ ವೇಗ ಏರಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತರೆ ಆ ವೇಗಕ್ಕೆ ಲಗಾಮಿಲ್ಲ. ಬಿಡಲೇಬೇಕು, ಆದರೆ ವೈದ್ಯರನ್ನು ಕಂಡು.

ಹೋಗುವ ಮುನ್ನ ಲೆಕ್ಕ ಬರೆದುಕೊಳ್ಳಿ. 180 ಮಿ.ಲೀ. ವಿಸ್ಕಿಯ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ, 650 ಮಿ.ಲೀ. ಸ್ಟ್ರಾಂಗ್ ಬಿಯರ್‌ನಲ್ಲಿ ಸುಮಾರು 40. ‘ಸ್ವಲ್ಪ ತಗೋತೀನಿ’ ಎಂದರೆ ವೈದ್ಯರು ಡೋಸ್ ಹೇಗೆ ನಿರ್ಧರಿಸಬೇಕು? ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನೂ ಮುಚ್ಚಿಡದೆ ಹೇಳಿ. ಫಿಟ್ಸ್ ಬಂದಿದ್ದವರು ಅಡ್ಮಿಟ್ ಆಗುವುದೇ ಸರಿ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಸಿಗುತ್ತದೆ. ದಾರಿ ತೋಚದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ.

ಕೊನೆಯ ಪೆಗ್ಗಿನ ಗಂಟೆ ನೆನಪಿರಲಿ. ಆರೆಂಟು ಗಂಟೆಯಲ್ಲೇ ಕೈನಡುಕ ಶುರು; ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದರೂ ತುಟಿಗೆ ತಲುಪುವಷ್ಟರಲ್ಲಿ ಅಂಗಿಯ ಮೇಲೆ ಚೆಲ್ಲಿರುತ್ತದೆ. ಮೊದಲ ಎರಡು ದಿನ ಫಿಟ್ಸ್‌ನ ಭಯ. ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದ ಹುಳು ಹುಡುಕುವುದು, ಮನೆಯವರ ಗುರುತು ತಪ್ಪುವುದು, ಜ್ವರ, ವಿಪರೀತ ಬೆವರು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಇದು ಪ್ರಾಣ ತೆಗೆಯುತ್ತದೆ. ‘ಗಾಳಿ ಸೋಕಿದೆ’ ಎಂದು ಯಂತ್ರ ಕಟ್ಟಿಸಲು ಹೋಗಬೇಡಿ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು ಬೇಡ. ಎಡ ಮಗ್ಗುಲಿಗೆ ಹೊರಳಿಸಿ, ತಲೆಯಡಿ ಬಟ್ಟೆ ಇಡಿ.

ಸುಸ್ತಾಯಿತೆಂದು ಹತ್ತಿರದ ಕ್ಲಿನಿಕ್‌ಗೆ ಹೋಗಿ ‘ಒಂದು ಗ್ಲೂಕೋಸ್ ಹಾಕಿ’ ಎನ್ನುವ ರೂಢಿಯಿದೆ. ಕುಡಿಯುವವರಿಗೆ ಬಿ1 ವಿಟಮಿನ್, ಅಂದರೆ ಥಯಾಮಿನ್, ತೀರಾ ಕಡಿಮೆ ಇರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದಿದ್ದೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು, ನೆನಪು ಶಾಶ್ವತವಾಗಿ ಕೆಡಬಹುದು. ಕುಡಿತದ ವಿಷಯ ಅಲ್ಲಿಯೂ ಹೇಳಿ, ಥಯಾಮಿನ್ ಇಂಜೆಕ್ಷನ್ ಕೇಳಿ. ನಡುಕಕ್ಕೆ ಕೊಟ್ಟ ಮಾತ್ರೆಯ ಜೊತೆ ಕುಡಿದರೆ ಉಸಿರೇ ನಿಲ್ಲಬಹುದು. ಮಾತ್ರೆಯ ಚೀಟಿ ಮನೆಯವರ ಕೈಯಲ್ಲಿರಲಿ.

ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಗುಟ್ಟಾಗಿ ಸಾರಿನಲ್ಲಿ ಬೆರೆಸುವವರಿದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ, ಆದರೂ ಖಂಡಿತ ಬೇಡ. ಗೊತ್ತಿಲ್ಲದೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಕುತ್ತು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಈ ಅಪಾಯ ಇದ್ದೇ ಇರುತ್ತದೆ.