ಹಿರೇಬೆಣಕಲ್‌ನ ಕಲ್ಲುಮನೆಗಳನ್ನು ನಾನು ನೋಡಿದ ಬಗೆ

ಬೆಂಗಳೂರಿನಿಂದ ಹಂಪಿಗೆ ಹೋಗಿ ಬರುವವರು ತುಂಬಾ ಜನ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಹಿರೇಬೆಣಕಲ್ ಬೆಟ್ಟ ಹತ್ತುವವರು ಮಾತ್ರ ಕಡಿಮೆ. ಕಬ್ಬಿಣ ಯುಗದ ಜನ ಸತ್ತವರಿಗಾಗಿ ಕಟ್ಟಿದ ಸುಮಾರು 400 ಕಲ್ಲುಗೋರಿಗಳು ಅಲ್ಲಿವೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿವೆ.

ನಾನು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೊಸಪೇಟೆಯಲ್ಲಿ ಇಳಿದೆ. ಅಲ್ಲಿಂದ ಬಸ್ಸಿನಲ್ಲಿ ಗಂಗಾವತಿ, ಆಮೇಲೆ ಆಟೋ. ಊರಿನಲ್ಲಿ ಕೇಳಿದಾಗ ಕುರಿ ಕಾಯುವ ಅಣ್ಣನೊಬ್ಬ ಜೊತೆಗೆ ಬರಲು ಒಪ್ಪಿದ. ಊರಿನವರು ಜೊತೆಗಿಲ್ಲದೆ ಹತ್ತಲೇಬೇಡಿ. ಬಂಡೆಗಳ ನಡುವೆ ದಾರಿ ತಪ್ಪುವುದು ಸುಲಭ, ಕರಡಿ ಓಡಾಡುವ ಸೀಮೆ ಬೇರೆ. ಚಳಿಗಾಲದ ಬೆಳಗ್ಗೆ ಹೋಗಿ, ನೀರು ಜಾಸ್ತಿ ಇಟ್ಟುಕೊಳ್ಳಿ.

ಮೇಲೆ ಹೋದ ಕೂಡಲೇ ಸುಮ್ನೆ ಫೋಟೋ ತೆಗೆಯುತ್ತಾ ಓಡಾಡಬೇಡಿ. ನಾನು ಒಂದೇ ಗೋರಿಯ ಮುಂದೆ ತುಂಬಾ ಹೊತ್ತು ಕೂತೆ. ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಭಾರಿ ಹಾಸುಗಲ್ಲು. ಗಾರೆ ಇಲ್ಲ, ಏನೂ ಇಲ್ಲ. ಭಾರವೇ ಹಿಡಿದು ನಿಲ್ಲಿಸಿದೆ. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಅಡ್ಡಕ್ಕೆ ಹತ್ತಿರ ಹತ್ತಿರ ಒಂದು ಮೊಳ. ಗಟ್ಟಿ ಗ್ರಾನೈಟನ್ನು ಒಡೆಯದ ಹಾಗೆ ಇಷ್ಟು ದುಂಡಗೆ ಕೊರೆಯಲು ಎಷ್ಟು ತಾಳ್ಮೆ ಬೇಕು! ಬಗ್ಗಿ ಇಣುಕುತ್ತಿದ್ದಾಗ ಅಣ್ಣ ಹಿಂದಿನಿಂದ, "ಒಳಗ ಕೈ ಹಾಕಬ್ಯಾಡ್ರಿ ಸರ, ಹಾವು ಇರ್ತಾವ" ಅಂದ.

ಊರವರ ಬಾಯಲ್ಲಿ ಇವು ಮೋರೇರ ಮನೆಗಳು. ಹಿಂದೆ ಮೋರೇರು ಅನ್ನೋ ಗಿಡ್ಡ ಜನ ಇಲ್ಲಿ ವಾಸವಿದ್ದರು ಅನ್ನೋ ಕಥೆ ಇದೆ. ಎತ್ತರದ ಬಂಡೆಯ ಮೇಲೆ ನಗಾರಿಯಂಥ ಗುಂಡೊಂದಿದೆ. ಅಣ್ಣ ಕಲ್ಲಿನಿಂದ ತಟ್ಟಿದ. ಸದ್ದು ನನ್ನ ಎದೆಗೇ ಬಡಿದಂತಾಯಿತು. ಸಾವಿನ ಸುದ್ದಿ ಸಾರಲು ಇದನ್ನೇ ಬಾರಿಸುತ್ತಿದ್ದರೇನೋ ಅಂತ ನನಗೆ ಅನಿಸಿತು.

ಹೊಟ್ಟೆ ಉರಿದದ್ದು ನಿಧಿಯ ಆಸೆಗೆ ಅಗೆದು ಬೀಳಿಸಿದ ಚಪ್ಪಡಿಗಳನ್ನು ನೋಡಿ. ಹೋದವರು ದಯವಿಟ್ಟು ಹಾಸುಗಲ್ಲಿನ ಮೇಲೆ ಹತ್ತಬೇಡಿ, ಬಿದ್ದ ಕಲ್ಲನ್ನು ಎತ್ತಿ ಜೋಡಿಸಲೂ ಹೋಗಬೇಡಿ. ಯಾವ ಕಲ್ಲು ಎಲ್ಲಿ ಬಿದ್ದಿದೆ ಅನ್ನುವುದೂ ಅಧ್ಯಯನ ಮಾಡುವವರಿಗೆ ಬೇಕು.

ಅಷ್ಟು ದೂರ ಆಗದಿದ್ದರೆ ನಮ್ಮ ಏರ್‌ಪೋರ್ಟ್ ರಸ್ತೆಯ ಚಿಕ್ಕಜಾಲದಲ್ಲೇ ಅದೇ ಕಾಲಮಾನದ ಸಮಾಧಿಗಳ ಜಾಗವಿದೆ. ವಿಮಾನ ಹಿಡಿಯಲು ಹೋಗುವಾಗ ಅರ್ಧ ಗಂಟೆ ಮುಂಚೆ ಹೊರಟರೆ ಸಾಕು.